ಎಡಗಡೆ ಬಿದ್ದ ಹೂವು

ಅಕ್ಕಿಹೆಬ್ಬಾಳು
12 ಅಕ್ಟೋಬರ್ 2025, ಭಾನುವಾರ

ಚಿ. ಪವಿತ್ರಳಿಗೆ ನಿನ್ನ ಅಮ್ಮ ಯಶೋಧರಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು ಕೇಳಿ ವಾರದ ಮೇಲಾಯಿತು, ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಹೋದ ವಾರ ನಮ್ಮ ಹಸು ಗೌರಿ ಕರು ಹಾಕಿದಳು, ಹೆಣ್ಣುಗರು. ನಿನ್ನ ಪಾಲಿನ ಗಿಣ್ಣನ್ನೂ ನಿಮ್ಮ ದೊಡ್ಡಪ್ಪ ಕೆಂಪಣ್ಣನವರೇ ತಿಂದು, "ಬೆಲ್ಲ ಒಸಿ ಕಮ್ಮಿ ಆಯ್ತು ಕಣವ್ವ" ಎಂದು ತಟ್ಟೆ ಕೆಳಗಿಟ್ಟರು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಕಿರುಚುತ್ತೇನೆ, ಇಲ್ಲವೇ ಅಳುತ್ತೇನೆ, ಹೇಳಬೇಕಾದ್ದು ಮಾತ್ರ ಬಾಯಿಗೆ ಬರುವುದಿಲ್ಲ. ನಿನ್ನ ಹಡಗು ಸಮುದ್ರಕ್ಕಿಳಿದರೆ ಫೋನೂ ಸಿಗುವುದಿಲ್ಲವಲ್ಲ. ಅದಕ್ಕೇ ಕಾಗದ.

ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮ, ನೌಕಾಪಡೇಲಿ ಬರೀ ನಾವಿಕಳಾಗಿದ್ದೋಳು ಆಫೀಸರ್ ಆಗಾಕೆ, ಅದೂ ನೌಕಾಪಡೆ ವಿಮಾನದ ಪೈಲಟ್ ಆಗಾಕೆ ಅರ್ಜಿ ಕೊಟ್ಟಿವ್ನಿ. ತಿಂಗಳ ಕೊನೇಲಿ ಕ್ಯಾಪ್ಟನ್ ಸಾಹೇಬ್ರು ಸಹಿ ಹಾಕಿ ಮೇಲಕ್ಕೆ ಕಳಿಸ್ತಾರೆ. ಅಷ್ಟ್ರೊಳಗೆ ಬ್ಯಾಡ ಅನ್ಸುದ್ರೆ ವಾಪಸ್ ತಕೋಬೋದು. ನೀನು ಪಟ್ಟಲದಮ್ಮನ ಹತ್ರ ಹೂ ಕೇಳು. ಬಲಗಡೆ ಕೊಟ್ರೆ ಹೋಯ್ತೀನಿ, ಎಡಗಡೆ ಕೊಟ್ರೆ ಸುಮ್ಕಾಗ್ತೀನಿ." ಅಲ್ಲ ಕಣೇ, ಅಲೆಗೆ ಹೆದರದ ಹುಡುಗಿ ಒಂದು ಹೂವಿನ ಮೇಲೆ ಭಾರ ಹಾಕಿ ಕೂತೆಯಲ್ಲ! ನನಗೆ ಆಗಲೇ ಸಿಟ್ಟು ಬಂದಿತ್ತು, ಆದರೂ ಕೇಳಿದೆ.

ಶುಕ್ರವಾರ ನಾನು, ನಿನ್ನ ಅಜ್ಜಿ ದ್ಯಾವಮ್ಮ, ದೊಡ್ಡಪ್ಪ ಮೂವರೂ ಗುಡಿಗೆ ಹೋದೆವು. ಪೂಜಾರಿ ದ್ಯಾವಯ್ಯ ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸಿದ. ಎಷ್ಟು ಹೊತ್ತಾದರೂ ಒಂದೂ ಅಲುಗಲಿಲ್ಲ. ನಿನ್ನ ಅಜ್ಜಿಗೆ ಮಂಡಿ ನೋವು, "ತಾಯೀ, ಕೊಡಾದಾದ್ರೆ ಬಿರ್ರನೆ ಕೊಡು, ಕೂರಕ್ಕಾಗಕಿಲ್ಲ" ಎಂದು ದೇವರನ್ನೇ ಗದರಿಸಿದರು. ಅವರ ಮಾತಿಗೋ ಏನೋ, ಹೂವು ಬಿತ್ತು. ಎಡಗಡೆಯದು.

ನಿಮ್ಮ ದೊಡ್ಡಪ್ಪನ ಕಣ್ಣು ತುಂಬಿಬಿಟ್ಟಿತು. ಅವರು ಕೆಟ್ಟವರಲ್ಲ, ಅದೇ ಕಷ್ಟ. "ಅಮ್ಮ ಒಪ್ನಿಲ್ಲ ಕಣವ್ವ. ನಮ್ ವಂಸುಕ್ಕೆ ಗಾಡಿ ಆಗ್ಬರಕಿಲ್ಲ. ನನ್ ತಮ್ಮ ಗದ್ದೆ ಉಳೋ ಟಿಲ್ಲರ್ ಜೊತೇಲಿ ನಾಲೆಗ್ ಬಿದ್ದು ಒಂಟೋದ, ಈಗ ಅವ್ನ ಮಗ್ಳು ಇಮಾನ ಏರ್ತೀನಿ ಅಂತಾಳೆ. ಸಮುದ್ರ ಸಾಲ್ದಾ ಆ ಮಗೀಗೆ? ಅರ್ಜಿ ವಾಪಸ್ ತಕೊಳ್ಳಾಕ್ ಯೋಳ್ಬುಡು" ಅಂದರು.

ನಾನು ಅಂದೆ, "ಬಾವ, ನಾಲೆ ಏರಿ ಮೇಲಿಂದ ಇಳಿವಾಗ ಟಿಲ್ಲರ್‌ನ ಎಡಕ್ಕೆ ತಿರುಗಿಸ್ಬೇಕಾದ್ರೆ ಯಾವ ಕಡೆ ಕ್ಲಚ್ ಇಡೀತೀರಿ?"

"ಇಳಿಜಾರ್ನಲ್ಲಿ ಬಲಗಡೇದು. ಅದ್ಯಾಕೀಗ?"

"ಅಮ್ಮನೂ ಇಳಿಜಾರ್ನಲ್ಲೇ ಕೂತವ್ಳೆ ಅಂದ್ಕೊಳಿ, ಎಡ ಕೊಟ್ರೆ ಬಲ ಅಂತ. ಅರ್ಜಿ ವಾಪಸ್ ಬರಕಿಲ್ಲ."

ದ್ಯಾವಯ್ಯ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ನಕ್ಕುಬಿಟ್ಟ. ನಿಮ್ಮ ದೊಡ್ಡಪ್ಪ ನಗಲಿಲ್ಲ. ಅವತ್ತಿನಿಂದ ಮಾತು ಬಿಟ್ಟಿದ್ದಾರೆ, ಕಾಫಿಗೆ ಮಾತ್ರ ಬರುತ್ತಾರೆ.

ಇನ್ನು ನಿನ್ನ ಇನ್ನೊಂದು ಭಯದ ವಿಷಯ. ಯಂತ್ರದಲ್ಲಿ ಕೂರಿಸಿ ಕೈಕಾಲು ನೋಡುವ ಪರೀಕ್ಷೆ ಜನ್ಮದಲ್ಲಿ ಒಂದೇ ಸಲವಂತೆ, ತಪ್ಪಿದರೆ ಮತ್ತೆ ಪೈಲಟ್ ಮಾತೇ ಇಲ್ಲವಂತೆ. ನೀನು ಗೆಳತಿಯ ಕಂಪ್ಯೂಟರಿನಲ್ಲಿ ವಿಮಾನ ಓಡಿಸಿ ನೋಡಿದಾಗ, ನೆಲಕ್ಕೆ ಇಳಿಸುವ ಹೊತ್ತಿಗೆ ಸರಿಯಾಗಿ ನಿನ್ನ ಕೈ ತಿರುಗಾಮುರುಗಾ ಆಗುತ್ತದಂತೆ. ಕೇಳಿ ಮೊದಲು ನಗು ಬಂತು, ಆಮೇಲೆ ನಿಮ್ಮಪ್ಪ ನೆನಪಾದರು. ಆ ಗೆಳತಿಗೆ ಅರ್ಥವಾಗಲಿಕ್ಕಿಲ್ಲ, ನನಗೆ ಅರ್ಥವಾಯಿತು. ಟಿಲ್ಲರ್ ಸಮ ನೆಲದಲ್ಲಿ ಎಡಗಡೆ ಕ್ಲಚ್ ಹಿಡಿದರೆ ಎಡಕ್ಕೇ ಹೋಗುತ್ತದೆ, ಇಳಿಜಾರಿನಲ್ಲಿ ಎಡ ಹಿಡಿದರೆ ಬಲಕ್ಕೆ ಎಳೆಯುತ್ತದೆ. ನಿಮ್ಮಪ್ಪ ಏರಿಯಿಂದ ಇಳಿಯುವಾಗ ಗಾಬರಿಯಲ್ಲಿ ಅದೊಂದನ್ನು ಮರೆತು ನಾಲೆಗೆ ಬಿದ್ದರು. ಅದಕ್ಕೇ ನಿನಗೆ ಟಿಲ್ಲರ್ ಕಲಿಸುವಾಗ ತಲೆಗೆ ಮೊಟಕಿ ಮೊಟಕಿ, "ಇಳಿಯುವಾಗ ಉಲ್ಟಾ, ಇಳಿಯುವಾಗ ಉಲ್ಟಾ" ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ಈಗ ವಿಮಾನ ಇಳಿಯುತ್ತಿದ್ದರೂ ನಿನ್ನ ಕೈ ನಾಲೆ ಏರಿಯ ಮೇಲೇ ಇದೆ. ಇರಲಿ ಬಿಡು. ಒಂದು ಮಗ್ಗಿ ಕಲಿತ ಕೈ ಇನ್ನೊಂದನ್ನು ಕಲಿಯದೇ ಇರುತ್ತದೆಯೇ? ದಿನಾ ಆ ಗೆಳತಿಯ ಕಂಪ್ಯೂಟರಿನ ಮುಂದೆ ಕೂತು, ಇಳಿಸುವಾಗ ಬಾಯಿಬಿಟ್ಟು ಹೇಳು: ಇದು ಟಿಲ್ಲರ್ ಅಲ್ಲ, ಎಡ ಅಂದರೆ ಎಡವೇ. ಯಾರು ನಕ್ಕರೂ ಹೇಳು. ನಾನು ಟಿಲ್ಲರ್ ಹಿಡಿದ ಮೊದಲ ವರ್ಷ ಊರಿಗೆ ಊರೇ ಬದುವಿನ ಮೇಲೆ ನಿಂತು ನಕ್ಕಿತ್ತು, ಈಗ ಅವರದೇ ಗದ್ದೆ ಉಳಲು ನನ್ನನ್ನು ಕರೆಯುತ್ತಾರೆ.

ಮತ್ತೆ, ನಿನ್ನ ಮೇಲಿನವರೊಬ್ಬರು "ಬಕೆಟ್ ಹಿಡಿದು ಡೆಕ್ ತೊಳೆಯೋಳಿಗೆ ಆಫೀಸರುಗಳ ಮೆಸ್ಸಿನ ಕುರ್ಚಿ ಬೇಕಾ" ಎಂದು ಕೇಳಿದರಂತೆ. ಬೇಕು ಅನ್ನಬೇಕಿತ್ತು! ತೊಳೆದವಳಿಗೇ ತಾನೇ ಆ ಡೆಕ್ಕಿನ ಮೂಲೆಮೂಲೆ ಗೊತ್ತಿರುವುದು. ಅವರ ಹತ್ತಿರ ವಾದಕ್ಕೆ ನಿಲ್ಲಬೇಡ, ಸೆಲ್ಯೂಟ್ ಹೊಡೆದು ನಿನ್ನ ಓದು ನೀನು ಓದು. ನಿನ್ನ ಅಜ್ಜಿಗೆ ವಿಮಾನ ಹಡಗಿನ ಮೇಲೇ ಇಳಿಯುತ್ತದೆ ಎಂದು ಹೇಳಿದೆ. "ಸುಮ್ಕಿರು, ಮುದ್ಕಿ ಅಂತ ಏನಾದ್ರೂ ಯೋಳ್ಬೇಡ" ಅಂದರು. ಆದರೆ ಸಂಜೆ ಪಕ್ಕದ ಮನೆಯ ಇಂದಿರಳಿಗೆ, "ನನ್ ಮೊಮ್ಮಗ್ಳು ನೀರ್ ಮ್ಯಾಲೆ ಇಮಾನ ಇಳಿಸ್ತಾಳಂತೆ, ನಿಮ್ಮೋರ್ನಾಗೆ ಅಂತೋರು ಯಾರಾದ್ರೂ ಅವ್ರಾ?" ಎಂದು ಕೇಳುತ್ತಿದ್ದರು.

ನನಗೆ ಭಯವಿಲ್ಲ ಎಂದು ತಿಳಿಯಬೇಡ. ಭಯವಿದೆ. ರೈಲು ಸೇತುವೆ ದಾಟುವ ಸದ್ದು ಕೇಳಿದರೂ ನೀನೇ ನೆನಪಾಗುತ್ತೀಯ. ಆದರೆ ನನ್ನ ಭಯ ನನ್ನ ಹತ್ತಿರವೇ ಇರಲಿ, ಅದನ್ನು ನಿನ್ನ ಅರ್ಜಿಯ ಮೇಲೆ ಹೇರುವುದಿಲ್ಲ. ಅರ್ಜಿ ಹೋಗಲಿ. ಅವರು ಬೇಡ ಎಂದರೆ ಅವರು ಅನ್ನಲಿ, ನಾವೇ ಯಾಕೆ ಮೊದಲು ಅನ್ನಬೇಕು?

ನೂರು ಕಾಲ ಬಾಳು. ಹೋದ ಕಡೆ ತಲೆ ಎತ್ತಿ ನಿಲ್ಲು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಯಶೋಧರಾ

ಮರೆತಿದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದುಕೊಂಡಿದ್ದೆ. ನಿಮ್ಮಪ್ಪ ಟಿಲ್ಲರ್ ತರುವ ಮುಂಚೆ ನಾವಿಬ್ಬರೇ ಹೋಗಿ ಇದೇ ಅಮ್ಮನ ಹತ್ತಿರ ಹೂ ಕೇಳಿದ್ದೆವು. ನಿಮ್ಮ ದೊಡ್ಡಪ್ಪ ಆಗ ಪಾಂಡವಪುರಕ್ಕೆ ಕಬ್ಬು ಸಾಗಿಸಲು ಹೋಗಿದ್ದರು, ಅವರಿಗೆ ಇದು ಗೊತ್ತಿಲ್ಲ. ಕೈ ಮುಗಿಯುವಷ್ಟರಲ್ಲೇ ಬಲಗಡೆ ಹೂವು ಬಿತ್ತು. ನಿಮ್ಮಪ್ಪ ಅದನ್ನು ಅಲ್ಲೇ ನನ್ನ ಮುಡಿಗೆ ಇಟ್ಟರು. ಮುಂದಿನ ಮಳೆಗಾಲದಲ್ಲಿ ಅವರನ್ನು ನಾಲೆಯಿಂದ ಎತ್ತಿ ತಂದರು. ಅಮ್ಮನ ಮೇಲೆ ನನಗೆ ಸಿಟ್ಟಿದೆ ಎಂದು ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಬಲಗಡೆ ಕೊಟ್ಟ ಹೂವು ನಿಮ್ಮಪ್ಪನನ್ನು ಉಳಿಸಲಿಲ್ಲ ಮಗಳೇ. ಎಡಗಡೆಯದು ನಿನ್ನನ್ನು ಏನು ತಾನೇ ಮಾಡೀತು? ಅದನ್ನು ಗುಡಿಯ ನೆಲದಿಂದ ಆಯ್ದು ತಂದು ಈ ಕಾಗದದೊಳಗೆ ಇಟ್ಟಿದ್ದೇನೆ. ಯೂನಿಫಾರ್ಮಿನಲ್ಲಿ ಹೂ ಮುಡಿಯಲು ಬಿಡುವುದಿಲ್ಲವಂತೆ. ಜೇಬಿನಲ್ಲಿಟ್ಟುಕೊಂಡು ಹೋಗು.