ಎತ್ತಿ ಕೂರಿಸೋ ಕೈ

ವಸತಿ ಇಲಾಖೆ ಸಾಹೇಬ್ರಿಗೆ,

ನಮ್ಮಣ್ಣ ನೀವು ಕೊಟ್ಟ ಮನೆ ಬಿಟ್ಟು ಬೀದಿಗೆ ಬಂದಿದ್ದು ಸೊಕ್ಕಿಗಲ್ಲ. ಅವನಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ನಾನು ಲಾರಿ ಕ್ಲೀನರ್, ಊರಲ್ಲಿರೋದೇ ಕಮ್ಮಿ. ಆ ಮನೇಲಿ ಅವನನ್ನ ಮಂಚದಿಂದ ಗಾಲಿಕುರ್ಚಿಗೆ ಎತ್ತೋರು ಯಾರೂ ಇರ್ಲಿಲ್ಲ. ಬಸ್ ಸ್ಟ್ಯಾಂಡಲ್ಲಾದ್ರೆ ಹಮಾಲರು "ಏಳಪ್ಪಾ ಮಹಾರಾಜ" ಅಂತ ನಗ್ತಾ ಎತ್ತಿ ಕೂರಿಸ್ತಾರೆ. ಅದಕ್ಕೇ ಮೊದಲು ಮಲಗ್ತಿದ್ದ ಆ ಬಸ್ ಸ್ಟ್ಯಾಂಡಿಗೇ ವಾಪಸ್ ಹೋದ. ಅವನಂಥೋರು ಇನ್ನೂ ಎಷ್ಟೋ ಜನ ಅಲ್ಲೇ ಮಲಗ್ತಾರೆ.

ಗೋಡೆ ಕಟ್ಟೋಕೆ ಸರ್ಕಾರದ ದುಡ್ಡಿತ್ತು, ನೋಡ್ಕೊಳ್ಳೋರ ಸಂಬಳಕ್ಕೆ ಇಲ್ವಾ? ಅವರೆಲ್ಲರಿಗೂ ಒಂದೇ ಕಡೆ ಮನೆ ಕೊಡಿ, ಹಗಲೂ ರಾತ್ರಿ ಆಳಿಡೋಕೆ ದುಡ್ಡು ಮಂಜೂರು ಮಾಡಿ. ಇಲ್ಲಾಂದ್ರೆ ಸೋಮವಾರ ಎಲ್ರನ್ನೂ ನಿಮ್ಮ ಆಫೀಸಿಗೇ ಕರ್ಕೊಂಡು ಬರ್ತೀನಿ, ನೀವೇ ಎತ್ತಿ ಕೂರ್ಸಿ.

ನೀವು ಒಳಗಿದ್ದುಕೊಂಡೇ ಸಾಹೇಬ್ರಿಲ್ಲ ಅಂತ ಗುಮಾಸ್ತರ ಕೈಲಿ ಹೇಳಿಸ್ತೀರಲ್ಲ, ಅದಕ್ಕೇ ಈ ಕಾಗದ ಅವರ ಮೇಜಿನ ಮೇಲಿಟ್ಟು ಹೊರಟೆ. ಬಾಗಿಲು ದಢಾರ್ ಅಂತ ಬಡಿದೇ ಹೋಗ್ತೀನಿ. ಒಳಗಿರೋ ನಿಮಗೆ ಕೇಳಿಸ್ಲಿ.

ಅವನ ತಮ್ಮ