ರಾಮಕ್ಕನ ಮೇಲಿನ ಪ್ರಯೋಗ

ಜಾಲಹಳ್ಳಿ,
14 ಜೂನ್ 1974

ಪ್ರೀತಿಯ ನನ್ನ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮೈಸೂರಿನಲ್ಲೂ ಮಳೆ ಹಿಡಿದಿರಬೇಕು, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೋ, ಪ್ಲೀಸ್! ಅಪ್ಪಾಜಿ ಬಿ.ಪಿ. ಮಾತ್ರೆ ಮರೆಯುತ್ತಿಲ್ಲ ತಾನೆ? ನಾನಂತೂ ಎಷ್ಟು ಸುಖವಾಗಿದ್ದೇನೆ ಅಂದರೆ ಹೇಳಿಕೊಳ್ಳಲು ನನಗೇ ನಾಚಿಕೆ. ಇವರು ಮನೆಗೆ ಬರುವುದೇ ಅಪರೂಪ, ಬಂದರೂ ಮೈಯೆಲ್ಲ ಫಿನೈಲ್ ವಾಸನೆ. ಆದರೂ ನಿನ್ನ ಡಾಕ್ಟರ್ ಅಳಿಯನಷ್ಟು ಚೆಂದದ ಗಂಡಸು ಇಡೀ ಬೆಂಗಳೂರಿನಲ್ಲಿ ಇಲ್ಲ!

ದೇಶ ದೇಶ ಸುತ್ತುತ್ತಿರುವ ಕಾಲರಾ ಪಕ್ಕದ ಬಾಗಲಗುಂಟೆಗೂ ಬಂದಿದೆ, ಅಮ್ಮಾ. ಪೀಣ್ಯದಲ್ಲಿ ಯಂತ್ರಗಳು ಇನ್ನೂ ಬಾರದ ಒಂದು ಕಾರ್ಖಾನೆ ಶೆಡ್ಡೇ ಇವರ ವಾರ್ಡು. ಕ್ಯಾನ್ವಾಸ್ ಮಂಚಕ್ಕೆ ನಡುವೆ ತೂತು, ಕೆಳಗೆ ಬಕೆಟ್ಟು. ಡ್ರಿಪ್ ಬಾಟಲಿಗಳು ಹಗ್ಗಕ್ಕೆ ತೂಗುತ್ತವೆ, ಆದರೆ ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೇ ಇವರ ತಂಡದ್ದೊಂದು ರಿಸರ್ಚು. ನಾಡಿ ಸರಿಹೋದ ಮೇಲೆ ಕೆಲವರಿಗೆ ಡ್ರಿಪ್ಪನ್ನೇ ಮುಂದುವರಿಸುವುದು, ಕೆಲವರಿಗೆ ಉಪ್ಪು, ಸಕ್ಕರೆ, ಸೋಡಾಪುಡಿ ಬೆರೆಸಿದ ನೀರು ಕುಡಿಸುವುದು. ಕುಡಿದವರೂ ಅಷ್ಟೇ ಗುಣವಾದರೆ, ಬಾಟಲಿಯೇ ಕಾಣದ ಹಳ್ಳಿಗಳಲ್ಲೂ ಜನ ಬದುಕುತ್ತಾರೆ! ಎಷ್ಟು ಗ್ರ್ಯಾಂಡ್ ಅಲ್ಲವಾ?

ಇದನ್ನು ರೋಗಿಯ ಮನೆಯವರಿಗೆ ಕನ್ನಡದಲ್ಲಿ ಹೇಳಿ ಒಪ್ಪಿಗೆ ಕೇಳುವ ಕೆಲಸ ನನ್ನದು. ನನ್ನ ಕಾನ್ವೆಂಟ್ ಕನ್ನಡ ನಿನಗೆ ಗೊತ್ತಲ್ಲ! ನಮ್ಮ ಮನೆ ಓನರ್ ನಾಗಲಕ್ಷ್ಮಮ್ಮನವರ ತಂಗಿ ರಾಮಕ್ಕ ವಾರ್ಡಿಗೆ ಬಂದಾಗ, "ನಿಮ್ಮ ತಂಗಿ ಮೇಲೆ ಒಂದು ಪ್ರಯೋಗ ಮಾಡ್ತೀವಿ" ಅಂದುಬಿಟ್ಟೆ. ನನಗೆ ಪ್ರಯೋಗ ಅಂದರೆ ಸ್ಕೂಲಿನ ಲ್ಯಾಬು. ಅವರಿಗೆ ನಿಂಬೆಹಣ್ಣು, ಕುಂಕುಮ, ಸ್ಮಶಾನದ ಬೂದಿ! "ನಿನ್ ಗಂಡ ಡಾಕುಟ್ರಾ, ಮಾಟಗಾರ್ನಾ?" ಎಂದು ಕೂಗಾಡಿ, ರಾಮಕ್ಕನನ್ನು ಗಾಡಿಗೆ ಹಾಕಿಕೊಂಡು ಬಾಗಲಗುಂಟೆಯ ಅವಳ ಮನೆಗೆ ಹೋಗಿಯೇಬಿಟ್ಟರು. ಭೇದಿಯಾದವರಿಗೆ ನೀರು ವಿಷವೆಂದು ಒಂದು ತೊಟ್ಟೂ ಕೊಡಲಿಲ್ಲವಂತೆ. ನಾವು ಹುಡುಕಿಕೊಂಡು ಹೋದಾಗ ಅವಳ ಕಣ್ಣು ಗುಳಿಬಿದ್ದಿತ್ತು, ಚಿವುಟಿದ ಚರ್ಮ ಹಾಗೇ ನಿಲ್ಲುತ್ತಿತ್ತು.

ನನಗೆ ಅಳುವೇ ಬಂತು. ಪಾನಕ ಅಂತ ಹೇಳಿ ಕುಡಿಸಿಬಿಡೋಣ, ಪಾನಕವನ್ನು ಯಾರೂ ಬೇಡ ಅನ್ನುವುದಿಲ್ಲ ಅಂದೆ. ಇವರು ಒಪ್ಪಲಿಲ್ಲ. "ಹೇಳ್ದೆ ಕೊಟ್ರೆ ಅದೇ ಮಾಟ ಕಣೇ ಮಂದಾ" ಅಂದರು. ಸರಿ, ಉಪ್ಪು ಸಕ್ಕರೆ ನೀರಿನ ಚೊಂಬು ಹಿಡಿದು ನಾಗಲಕ್ಷ್ಮಮ್ಮನವರ ಮುಂದೆ ಕೂತು ಎಲ್ಲ ಬಿಡಿಸಿ ಹೇಳಿದೆ. ಮೈಯ ನೀರು ಸೋರಿಹೋದರೆ ನೀರನ್ನೇ ತುಂಬಬೇಕು, ಬಾಟಲಿಯಿಂದಲೋ ಬಾಯಿಂದಲೋ ಯಾವುದು ಸಾಕು ಅಂತ ನಾವೂ ನೋಡಿ ಕಲಿಯುತ್ತಿದ್ದೇವೆ, ಈ ಕಲಿಕೆಗೆ ಸೇರುವುದು ಬೇಡ ಅಂದರೂ ಚಿಕಿತ್ಸೆ ತಪ್ಪಿಸುವುದಿಲ್ಲ ಅಂದೆ. ಅವರು ಚೊಂಬನ್ನೇ ನೋಡುತ್ತಾ, "ಆಸಾಡಕ್ಕೆ ತವ್ರಿಗೆ ಓಡೋಗೋಳು ನೀನು. ಆಮ್ಯಾಕೆ ನಮ್ಮುಡ್ಗಿಗೆ ಎಚ್ಚುಕಮ್ಮಿ ಆದ್ರೆ ಯಾರ್ನ ಕೇಳ್ಲಿ?" ಅಂದರು. ಎಲ್ಲೂ ಹೋಗಲ್ಲ ಅಂದೆ. "ಅಂಗಾರೆ ನಡಿ, ನೀನೇ ಕುಡ್ಸು."

ಮತ್ತೆ ಶೆಡ್ಡಿಗೆ ತಂದು, ಬಾಟಲಿ ಏರಿಸಿ ನಾಡಿ ಸರಿಹೋದ ಮೇಲೆ, ಗುಟುಕು ಗುಟುಕಾಗಿ ನಾನೇ ಕುಡಿಸಿದೆ. ವಾಂತಿ ಮಾಡಿದಳು, ಮತ್ತೆ ಕುಡಿಸಿದೆ. ಮಾರನೆಯ ದಿನ ರಾಮಕ್ಕ ಒಂದಕ್ಕೆ ಹೋದಳು! ಮೂತ್ರ ಬಂತೆಂದರೆ ಜೀವ ಉಳಿಯಿತು ಅಂತ ಅರ್ಥವಂತೆ. ಆ ಸುದ್ದಿ ಕೇಳಿ ಇವರು ನಕ್ಕ ನಗು ನೋಡಬೇಕಿತ್ತು ಅಮ್ಮಾ, ತಾಳಿ ಕಟ್ಟುವಾಗಲೂ ಇಷ್ಟು ನಕ್ಕಿರಲಿಲ್ಲ, ಮೋಸಗಾರ!

ಅಪ್ಪಾಜಿಗೆ ನಮ್ಮಿಬ್ಬರ ನಮಸ್ಕಾರ. ನೀರು ಕುದಿಸಿ ಕುಡಿಯಿರಿ.

ನಿನ್ನ ಮುದ್ದಿನ
ಮಂದಾ

ಮರೆತಿದ್ದೆ: ಬರುವ ವಾರ ನನ್ನನ್ನು ಕರೆದೊಯ್ಯಲು ಅಣ್ಣನನ್ನು ಕಳಿಸಬೇಡ. ರಾಮಕ್ಕನ ಬೀದಿಯವರು ಇನ್ನೂ ಮೂವರು ವಾರ್ಡಿಗೆ ಬಂದಿದ್ದಾರೆ. ನಾಗಲಕ್ಷ್ಮಮ್ಮನವರೇ "ಈವಮ್ಮ ಎಲ್ಲೂ ಓಗಲ್ಲ" ಅಂತ ಹೇಳಿ ಒಪ್ಪಿಸಿದ್ದು. ಆಷಾಢದಲ್ಲಿ ಹೊಸ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಬಾರದು ತಾನೆ? ಇವರು ವಾರ್ಡಿನಲ್ಲೇ ಮಲಗುತ್ತಾರೆ, ಶಾಸ್ತ್ರಕ್ಕೇನೂ ಕುಂದಿಲ್ಲ. ನೀನು ಮಾತ್ರ ಅಳಬೇಡಮ್ಮ. ನೀನು ಅತ್ತಿದ್ದು ಗೊತ್ತಾದರೆ ನಾನು ಬಂದೇಬಿಡುತ್ತೇನೆ, ಅದಕ್ಕೆ.