ಹಿಂದಿನ ಸೀಟಿನ ಮಾತು

ನವೆಂಬರ್ ೧೬, ಭಾನುವಾರ
ಬೆಳಗಿನ ಕಾಫಿಯ ಹೊತ್ತು

ನನ್ನ ಮುದ್ದಿನ ಮಗಳೇ,

ನಿನಗೆ, ನಿನ್ನ ಯಜಮಾನರಿಗೆ, ನಮ್ಮ ಮೊಮ್ಮಗಳು ಮಿಡತೆಗೆ ಅತ್ತೆ ಮಾವನ ತುಂಬು ಮನಸ್ಸಿನ ಹಾರೈಕೆ. ಮೂವರೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನನ್ನ ಸೊಂಟವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿಯೇ ಇದೆ.

ಕಾಗದ ಬರೆಯುತ್ತೇನೆ ಎಂದು ಹೇಳಿ ತಿಂಗಳ ಮೇಲಾಯಿತು. ಬೈದುಕೊಳ್ಳುವುದಿದ್ದರೆ ಬೈದುಕೋ, ಬಾಕಿ ಇಟ್ಟುಕೊಳ್ಳಬೇಡ. ಫೋನ್ ಇರುವಾಗ ಕಾಗದ ಯಾಕೆ ಎಂದು ನಿನ್ನ ಮಾವ ಕೇಳುತ್ತಾರೆ. ಆದರೆ ಫೋನಿನಲ್ಲಿ ನಾನು 'ಊಟ ಆಯ್ತಾ, ಮಗು ಏನ್ ಮಾಡ್ತಿದೆ' ಎನ್ನುವುದನ್ನು ದಾಟಿ ಮುಂದೆ ಹೋಗುವುದೇ ಇಲ್ಲ. ಪೆನ್ನು ಹಿಡಿದರೆ ಮಾತ್ರ ನನಗೆ ಬಾಯಿ ಬರುತ್ತದೆ. ನೀನು ಸೊಸೆಯಾಗಿ ಬಂದ ಹೊಸತರಲ್ಲಿ, ನಾನು ಪಾಳಿಗೆ ಹೋಗುವ ಮುನ್ನ ಅಡುಗೆಮನೆಯ ಮೇಜಿನ ಮೇಲೆ ಬರೆದಿಟ್ಟು ಹೋಗುತ್ತಿದ್ದೆನಲ್ಲ, 'ಹಾಲು ಉಕ್ಕೀತು, ಜೋಪಾನ' ಎಂದು ಶುರುವಾಗಿ ಎರಡು ಪುಟಕ್ಕೆ ಹೋಗುತ್ತಿತ್ತು. ಹೆರಿಗೆ ವಾರ್ಡಿನಲ್ಲಿ ಕೇಸ್ ಶೀಟು ಬರೆದೂ ಬರೆದೂ ಅಂಟಿದ ಚಟ ಅದು ಎಂದು ನನ್ನ ಮಗ ನಗುತ್ತಿದ್ದ. ಅವನು ಹೋಗಿ ನಾಲ್ಕು ವರ್ಷವಾಯಿತು. ನೀನು ಮತ್ತೆ ಮದುವೆಯಾಗಿ ಬೇರೆ ಮನೆ ಸೇರಿ ಅರ್ಧ ವರ್ಷ. ಆದರೂ 'ಮಗಳೇ' ಎಂದು ಬರೆಯುವಾಗ ನನ್ನ ಕೈ ಒಂದು ಗಳಿಗೆಯೂ ತಡೆಯುವುದಿಲ್ಲ. ನೀನು ಓದುವಾಗಲೂ ತಡೆಯದಿರಲಿ.

ಇನ್ನು ಸುದ್ದಿ. ನಾವು ಕಾರು ತೆಗೆದುಕೊಂಡೆವು.

ಹೋದ ಸಲ ನಿಮ್ಮ ಮನೆಯಿಂದ ಹಿಂದಿರುಗುವಾಗ ಹಳೇ ಕಾರು ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತ್ತಲ್ಲ, ಆಮೇಲೆ ಅದು ಏಳಲೇ ಇಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ ಒಳಗೆಲ್ಲ ಕೈಯಾಡಿಸಿ ನೋಡಿ, ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಮ್ಮಾ, ನೀವು ನರ್ಸು. ನಿಮಗೆ ನಾನೇನ್ ಹೇಳೋದು? ಮನೆಗೆ ಕರ್ಕೊಂಡ್ ಹೋಗಿ. ಇಷ್ಟ ಆದದ್ದನ್ನ ಕೊಡಿ."

ಹೊಸದು ಬೇಕು ಎನ್ನುವುದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಎತ್ತರದ ಸಣ್ಣ ಕಾರೇ ಬೇಕು ಎನ್ನುವುದರಲ್ಲೂ ಇರಲಿಲ್ಲ. ತಗ್ಗಿನ ಕಾರಿನೊಳಗೆ ಕೂರುವುದೆಂದರೆ ನನ್ನ ಸೊಂಟಕ್ಕೆ ಬಾವಿಗೆ ಇಳಿದ ಹಾಗೆ. ಆದರೆ ಯಾವುದು? ನನಗೆ ಎಲ್ಲರೂ ಓಡಿಸುವ ಆ ಸಾಮಾನ್ಯ ಕಾರು ಸಾಕು ಎನ್ನಿಸಿತ್ತು. ನಮ್ಮ ಬೀದಿಯಲ್ಲೇ ಅಂಥವು ಐದಾರು ಇವೆ, ಕೆಟ್ಟರೆ ಇದೇ ಮೆಕ್ಯಾನಿಕ್ ನೋಡುತ್ತಾನೆ. ನಿನ್ನ ಮಾವನ ಕಣ್ಣು ಮಾತ್ರ ಎದುರು ಮನೆಯ ಹಲ್ಲಿನ ಡಾಕ್ಟರ ಕಾರಿನ ಮೇಲೆ ಬಿದ್ದಿತ್ತು. ಅಳತೆಯಲ್ಲಿ ಎರಡೂ ಒಂದೇ. ಆದರೆ ಡಾಕ್ಟರದ್ದು ದೊಡ್ಡ ಕಂಪನಿಯದು, ಶ್ರೀಮಂತರು ತಮಗೂ ಒಂದು ಸಣ್ಣ ಕಾರು ಬೇಕೆಂದಾಗ ಕೊಳ್ಳುವಂಥದ್ದು. ಒಂದು ದಿನ ಅವರು ಮಾವನನ್ನು ಮಾರುಕಟ್ಟೆಯಿಂದ ಮನೆ ತನಕ ಬಿಟ್ಟರು ನೋಡು, ಇಳಿದವರು ನೆಲದ ಮೇಲೆ ನಡೆಯುತ್ತಿರಲಿಲ್ಲ.

"ಬಾಗಿಲು ಹಾಕಿದ್ ಸದ್ದು ಕೇಳ್ಬೇಕಿತ್ತು ನೀನು. ಧಪ್ ಅಂತ ಒಂದೇ ಸಲ. ಆಮೇಲೆ ಲೋಕಾನೇ ಇಲ್ಲ."

"ಲೋಕ ಇಲ್ಲದ ಕಾರಲ್ಲಿ ಹೋಗೋದೆಲ್ಲಿಗೆ?" ಎಂದೆ. ಅವರಿಗೆ ಕೇಳಿಸಿರಲೂ ಇಲ್ಲ ಅನ್ನು.

ಅವರ ಕಿವಿಯ ವಿಷಯ ನಿನಗೆ ಗೊತ್ತೇ ಇದೆ. ಇಡೀ ಆಯಸ್ಸು ಮುದ್ರಣಯಂತ್ರದ ಪಕ್ಕ ನಿಂತ ಕಿವಿ ಅದು. ಅದರಲ್ಲೂ ಹೆಚ್ಚು ಕೆಟ್ಟಿರುವುದು ಕಾರಿನಲ್ಲಿ ನಾನು ಕೂರುವ ಕಡೆಯದೇ. ಹಾಗಾಗಿ ಕಾರಿನೊಳಗೆ ನಾವಿಬ್ಬರೂ ಮೂಕ ಪ್ರಯಾಣಿಕರು. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ! "ನನಗೇನ್ ಕಿವುಡಾ? ನೀವೆಲ್ಲ ಗೊಣಗ್ತೀರ, ಅಷ್ಟೇ" ಎನ್ನುವುದೇ ಅವರ ಪಲ್ಲವಿ.

ಎರಡೂ ಕಾರು ಓಡಿಸಿ ನೋಡಿ ತೀರ್ಮಾನ ಮಾಡೋಣ ಎಂದು ಹೊರಟೆವು. ಹಳೇ ಕಾರಿನ ಸೀಟಿಗೆ ಕಟ್ಟಿದ್ದ ಮಿಡತೆಯ ಪುಟ್ಟ ಕುರ್ಚಿಯನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತುಕೊಂಡೇ ಬಂದರು ನಿನ್ನ ಮಾವ. ಬಸ್ಸಿನಲ್ಲಿ ಜನ ಕುರ್ಚಿಯನ್ನೊಮ್ಮೆ, ನಮ್ಮ ನರೆತ ತಲೆಗಳನ್ನೊಮ್ಮೆ ನೋಡಿದ್ದೇ ನೋಡಿದ್ದು.

ಮೊದಲು ಹೋದದ್ದು ದೊಡ್ಡವರ ಶೋರೂಮಿಗೆ. ಗಾಜಿನ ಗೋಡೆ, ಕನ್ನಡಿಯಂಥ ನೆಲ, ಹಕ್ಕಿಗೆ ಇಡುವಷ್ಟು ಚಿಕ್ಕ ಬಟ್ಟಲಿನಲ್ಲಿ ಕಾಫಿ. ಕಾರು ತೋರಿಸುವಾತ ಗುಟ್ಟು ಹೇಳುವವನ ಹಾಗೆ ಮಾತಾಡುತ್ತಿದ್ದ. ನಿನ್ನ ಮಾವ ಒಂದಕ್ಷರವೂ ಕೇಳಿಸದೆ ಎಲ್ಲಕ್ಕೂ ಗತ್ತಿನಿಂದ 'ಹೂಂ' ಎನ್ನುತ್ತಿದ್ದರು. ಆ ಹೂಂಗಳ ನಡುವೆ ಒಂದು ಗಾಜಿನ ಛಾವಣಿಯನ್ನೂ ಕೆಂಪು ಚರ್ಮದ ಸೀಟನ್ನೂ ಒಪ್ಪಿಕೊಂಡಿದ್ದರು. ನಾನು ಮಧ್ಯೆ ಬಾಯಿ ಹಾಕದಿದ್ದರೆ ಇವತ್ತು ನಾವು ಸರ್ಕಸ್ ಕಂಪನಿಯವರ ಹಾಗೆ ತಿರುಗುತ್ತಿದ್ದೆವು.

ಕಾರೇನೋ ಚಿನ್ನದಂಥದ್ದು, ಸುಳ್ಳು ಹೇಳಬಾರದು. ಸೀಟು ತಬ್ಬಿಕೊಂಡ ಹಾಗಿತ್ತು. ಆತನನ್ನು ಹಿಂದೆ ಕೂರಿಸಿಕೊಂಡು ಮಾವ ಮುಖ್ಯರಸ್ತೆಗೆ ಇಳಿಸಿದರು. ಪಕ್ಕದಲ್ಲಿ ಲಾರಿ ಹೋದರೆ ಚಿತ್ರ ಸರಿದ ಹಾಗೆ, ಸದ್ದೇ ಇಲ್ಲ. ಅವರ ಮುಖದ ಮೇಲಿನ ನಗು ನೋಡಿ ನಾನು ನನ್ನಷ್ಟಕ್ಕೆ, "ಮುದುಕನಿಗೆ ಪ್ರಾಯ ಬಂತು" ಎಂದೆ.

"ಬಂದ್ರೆ ನಿನಗೇನ್ ನಷ್ಟ?" ಎಂದರು ಅವರು.

ಮಗಳೇ, ನಾನು ಬೆಚ್ಚಿಬಿದ್ದೆ. ಓಡುವ ಕಾರಿನಲ್ಲಿ ನನ್ನ ಮಾತು ಅವರಿಗೆ ಕೇಳಿಸಿ ಯಾವ ಕಾಲವಾಯಿತೋ! ಅದೂ ಗೊಣಗಿದ ಮಾತು. ಅವರಿಗೂ ಹೊಳೆಯಿತು. ಆಮೇಲೆ ಅವರೇ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡು ಹೇಳಿದರು:

"ಹೋದ ಸಲ ಪಾರ್ಕಿಗೆ ಕರ್ಕೊಂಡ್ ಹೋದಾಗ ಮಿಡತೆ ಹಿಂದಿನ ಸೀಟಿಂದ ಏನೋ ಕೇಳ್ತಾನೇ ಇದ್ಳು. ಕನ್ನಡೀಲಿ ಅವಳ ಬಾಯಿ ಆಡೋದು ಕಾಣ್ತಿತ್ತು. ಒಂದೂ ಕೇಳಿಸ್ಲಿಲ್ಲ ಕಣೇ. ಹೂಂ ಹೂಂ ಅಂದೆ. ಆಮೇಲೆ ಅವಳು ಕೇಳೋದೇ ಬಿಟ್ಟು ಕಿಟಕಿ ಕಡೆ ತಿರುಗಿಬಿಟ್ಳು."

ಶೋಕಿ ಎಂದು ನಾನು ತಿಳಿದಿದ್ದೆ. ಆ ಕಾರಿನ ಮೇಲಿನ ಆಸೆಯ ಒಳಗೆ ಇದು ಕೂತಿತ್ತು. ಅಲ್ಲೇ ನನ್ನ ಮನಸ್ಸು ಮಗುಚಿತು. ಆದದ್ದಾಗಲಿ, ಇದನ್ನೇ ತೆಗೆದುಕೊಳ್ಳುವುದು ಎಂದುಕೊಂಡೆ.

ಹಿಂದಿರುಗಿ ಬಂದು ಮಿಡತೆಯ ಕುರ್ಚಿಯನ್ನು ಹಿಂದಿನ ಸೀಟಿಗೆ ಇಟ್ಟು ನೋಡಿದೆವು. ಆಗ ಗೊತ್ತಾಯಿತು ನೋಡು. ಅಂದಕ್ಕೆಂದು ಛಾವಣಿಯನ್ನು ಹಿಂದಕ್ಕೆ ಇಳಿಜಾರು ಮಾಡಿದ್ದಾರೆ. ಬಾಗಿಲು ಕಿರಿದು. ಕುರ್ಚಿ ಒಳಗೆ ಹೋಗಲು ಅಡ್ಡ ತಿರುಗಿಸಿ, ತಲೆ ತಗ್ಗಿಸಿ, ನಾನು 'ಅಮ್ಮಾ' ಎಂದು ಸೊಂಟ ಹಿಡಿದುಕೊಳ್ಳಬೇಕಾಯಿತು. ಕೂರಿಸಿದ ಮೇಲೆ ಮುಂದಿನ ಸೀಟಿಗೂ ಅದಕ್ಕೂ ನಡುವೆ ನನ್ನ ಅಂಗೈ ಹಿಡಿಸುವುದೂ ಕಷ್ಟ. ಮಿಡತೆಯ ಕಾಲು ಎಲ್ಲಿಡುವುದು? ಹೆಸರಿಗೆ ತಕ್ಕ ಕಾಲು ಅವಳದು. ಡಿಕ್ಕಿಯಲ್ಲಿ ಅವಳ ಸೈಕಲ್ ಹಿಡಿಸುತ್ತದಾ ಎಂದು ಕೇಳಿದ್ದಕ್ಕೆ ಆತ ಇನ್ನೂ ಮೆಲ್ಲಗೆ ಏನೋ ಹೇಳಿದ. ಇಲ್ಲ ಎಂದಿರಬೇಕು.

ಅಲ್ಲಿಂದ ಸಾಮಾನ್ಯ ಕಾರಿನ ಅಂಗಡಿಗೆ. ಅಲ್ಲಿನ ಹುಡುಗಿಗೆ ನೆಗಡಿ. ಸೀನಿ ಸೀನಿಯೇ ಎಲ್ಲ ವಿವರಿಸಿದಳು. ಕಾರಿನ ಒಳಗೆ ಎಲ್ಲಿ ಮುಟ್ಟಿದರೂ ಗಟ್ಟಿ ಪ್ಲಾಸ್ಟಿಕ್. ಬಾಗಿಲು ಡಬ್ಬದ ಮುಚ್ಚಳದ ಹಾಗೆ ಸದ್ದು ಮಾಡಿತು. ಏರಿನಲ್ಲಿ ಇಂಜಿನ್ ಗುರುಗುಟ್ಟಿತು, ಚಕ್ರದ ಸದ್ದೆಲ್ಲ ಒಳಗೇ ಬರುತ್ತಿತ್ತು. ಆದರೆ ಹಿಂದಿನ ಬಾಗಿಲು ಬೀರುವಿನ ಹಾಗೆ ಅಗಲವಾಗಿ ತೆರೆಯಿತು. ಕುರ್ಚಿ ತನ್ನ ಮನೆಗೆ ಬಂದ ಹಾಗೆ ಕೂತಿತು. ಕಾಲಿಗೆ ಬೇಕಾದಷ್ಟು ಜಾಗ, ಪಕ್ಕದಲ್ಲಿ ನಾನು ಕೂತರೂ ಇನ್ನೊಬ್ಬರಿಗೆ ಮಿಗುತ್ತದೆ. ಡಿಕ್ಕಿಯಲ್ಲಿ ಸೈಕಲ್ಲಲ್ಲ, ಮೆಕ್ಯಾನಿಕ್ಕನ್ನೇ ಮಲಗಿಸಬಹುದು.

"ಅದು ಪ್ರೀತಿ ಮಾಡೋ ಕಾರು, ಇದು ಸಂಸಾರ ಮಾಡೋ ಕಾರು" ಎಂದರು ಮಾವ.

"ಹಾಗಾದ್ರೆ ಅದನ್ನೇ ತಗೊಳ್ಳೋಣ" ಎಂದೆ ನಾನು.

"ಬೇಡ, ಇದನ್ನೇ ತಗೊಳ್ಳೋಣ" ಎಂದರು ಅವರು.

ನಗಬೇಡ. ಹೊರಡುವಾಗ ಅವರು ಅದಕ್ಕೆ, ನಾನು ಇದಕ್ಕೆ. ಬರುವಾಗ ತಿರುವುಮುರುವು. ನಿಮ್ಮ ಕಿವಿಗೆ ಅದೇ ಸರಿ ಎಂದು ನಾನು, ನಿನ್ನ ಸೊಂಟಕ್ಕೂ ಮಗುವಿನ ಕಾಲಿಗೂ ಇದೇ ಸರಿ ಎಂದು ಅವರು. ನೆಗಡಿಯ ಹುಡುಗಿ ಪಾಪ, ಯಾರ ಪರ ಸೀನುವುದು ಎಂದು ತಿಳಿಯದೆ ನಿಂತಿದ್ದಳು. ಜಗಳ ಮನೆಗೂ ಬಂತು, ಊಟಕ್ಕೂ ಕೂತಿತು. ಇಷ್ಟು ವರ್ಷದ ಸಂಸಾರದಲ್ಲಿ ನಮ್ಮ ನಮ್ಮ ಹಟಕ್ಕೆ ಬೇಕಾದಷ್ಟು ಸಲ ಮುನಿಸಿಕೊಂಡಿದ್ದೇವೆ. ಒಬ್ಬರಿಗಾಗಿ ಇನ್ನೊಬ್ಬರು ಮುನಿಸಿಕೊಂಡದ್ದು ಇದೇ ಮೊದಲು.

ಎರಡು ದಿನ ಕಳೆದ ಮೇಲೆ, ನಾನು ಬಟ್ಟೆ ಮಡಿಸುತ್ತಿರುವಾಗ ಎದುರು ಬಂದು ನಿಂತರು. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗಿತ್ತು ಮುಖ.

"ಒಂದು ಕೆಲಸ ಮಾಡೋಣ. ಕಾರು ಅಗಲ ಬಾಗಿಲಿನದ್ದೇ ಇರ್ಲಿ. ಕಿವಿಗೆ ಆ ಯಂತ್ರ ಹಾಕಿಸ್ಕೋತೀನಿ."

ನಾನು ಅಂಗಿ ಮಡಿಸುತ್ತಲೇ ಇದ್ದೆ. ತಲೆ ಎತ್ತಿದ್ದರೆ ಅತ್ತುಬಿಡುತ್ತಿದ್ದೆ. ಮಗ ಅತ್ತು ಕರೆದು ಕೇಳಿದಾಗಲೂ ಒಪ್ಪದ ಮನುಷ್ಯ!

ಈಗ ಕಿವಿಯ ಹಿಂದೆ ಸಣ್ಣ ಹುರುಳಿಕಾಯಿಯಂಥದ್ದೊಂದು ಕೂತಿದೆ. ಮೊದಲ ದಿನ ಮನೆಯೆಲ್ಲ ಸುತ್ತಿ ಸದ್ದು ಹುಡುಕಿದರು. ಫ್ರಿಜ್ ಗುಂಯ್ ಎನ್ನುತ್ತದೆ ಎಂದು ನನ್ನ ಮೇಲೆ ದೂರು. ಪೇಪರ್ ಮಡಿಸಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಗೊರಕೆ ಹೊಡೆಯುತ್ತೇನಂತೆ, ಹಲ್ಲಿನ ಡಾಕ್ಟರಿಗೂ ಹೇಳಿ ಬಂದಿದ್ದಾರೆ. ಆದರೆ ಮೊನ್ನೆ ನಾನು ಪಾತ್ರೆ ತೊಳೆಯುವಾಗ ಬಾಗಿಲ ಹತ್ತಿರ ಬಂದು ಸುಮ್ಮನೆ ನಿಂತಿದ್ದರು. ಏನು ಎಂದು ಕೇಳಿದೆ. "ಏನಿಲ್ಲ. ಕೆಲಸ ಮಾಡ್ತಾ ನೀನು ಹಾಡು ಗುನುಗ್ತೀಯ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದರು. ಮೊದಲಿನಿಂದಲೂ ಗುನುಗುತ್ತೇನೆ ಎಂದು ನಾನು ಹೇಳಲಿಲ್ಲ. ಹೊಸದಾಗಿ ಕೇಳಿದವರ ಖುಷಿ ಯಾಕೆ ಕೆಡಿಸಬೇಕು?

ಕಾರು ಹೋದ ಗುರುವಾರ ಮನೆಗೆ ಬಂತು. ಮಿಡತೆಯ ಬಣ್ಣ ಎಂದು ಹಸಿರು ಕೇಳಿದ್ದೆವು, ಸಿಗಲಿಲ್ಲ, ನೀಲಿಯದು. ದಿನಾ ಬೆಳಿಗ್ಗೆ ಒರೆಸುತ್ತಾರೆ. ಹಲ್ಲಿನ ಡಾಕ್ಟರು ಬಂದು ನೋಡಿ, ಡಿಕ್ಕಿ ತೆರೆದು, "ಅಬ್ಬಾ, ಇಷ್ಟು ಜಾಗಾನಾ!" ಎಂದರು. ಆವತ್ತು ನಿನ್ನ ಮಾವ ಎರಡು ತುತ್ತು ಹೆಚ್ಚು ಉಂಡರು.

ನನ್ನ ಪುರಾಣ ಸಾಕು. ನಿನ್ನ ಯಜಮಾನರ ಕೆಮ್ಮು ಇಳಿಯಿತಾ? ಅವರು ಸಮಾಧಾನದ ಮನುಷ್ಯ. ಅಂಥವರು ತಮಗೆ ಏನು ಬೇಕೆಂದು ಬಾಯಿ ಬಿಟ್ಟು ಕೇಳುವುದಿಲ್ಲ, ನೀನೇ ಗಮನಿಸು. ನೀನು ನಿಂತುಕೊಂಡೇ ಊಟ ಮುಗಿಸುವ ಅಭ್ಯಾಸ ಬಿಡು. ಮಿಡತೆಯ ಎರಡು ಕೆನ್ನೆಗೂ ನಮ್ಮ ಪರವಾಗಿ ಒಂದೊಂದು ಮುತ್ತು. ಮೂವರೂ ನಗುನಗುತ್ತಾ ಬಾಳಿ. ನಿಮ್ಮ ಮನೆಯ ಒಳ್ಳೆಯದೆಲ್ಲ ನಮ್ಮ ಮನೆಯದೂ ಹೌದು.

ನಿನ್ನ ಪ್ರೀತಿಯ
ಅತ್ತೆ

ತಾ.ಕ.: ಸಹಿ ಹಾಕಿದ ಮೇಲೂ ಪೆನ್ನು ಕೆಳಗಿಡಲಾಗಲಿಲ್ಲ.

ಕಾರು ಮನೆಗೆ ಬಂದ ಸಂಜೆಯೇ ನೀನು ಫೋನ್ ಮಾಡಿದೆ. ನಾವು ಬಂದು ಹೋದಾಗಲೆಲ್ಲ ಮಿಡತೆ ಊಟ ಬಿಟ್ಟು ಅಳುತ್ತಾಳೆ, ಹೊಸ ಅಪ್ಪನ ಹತ್ತಿರ ಹೋಗುವುದೇ ಇಲ್ಲ, ಅವಳು ಆ ಮನೆಗೆ ಒಗ್ಗುವ ತನಕ ನಾವಿಬ್ಬರೂ ಬರುವುದು ಬೇಡ ಎಂದು ಹೇಳಿದೆ ನೀನು. ಹೇಳುವಾಗ ನಿನಗೇ ಅಳು. ನಾನು "ಆಯ್ತಮ್ಮ, ನೀನು ಹೇಳೋದು ಸರಿ" ಎಂದು ಫೋನ್ ಇಟ್ಟುಬಿಟ್ಟೆ. ಸರಿ ಎಂದೇ ಈಗಲೂ ಹೇಳುತ್ತೇನೆ. ಎಷ್ಟೋ ಮಕ್ಕಳನ್ನು ತೊಳೆದು, ಸುತ್ತಿ, ಅವರವರ ಮಡಿಲಿಗೆ ಕೊಟ್ಟವಳು ನಾನು. ಕೊಟ್ಟ ಮೇಲೆ ಅಲ್ಲೇ ನಿಂತಿರಬಾರದು ಎನ್ನುವುದು ನನಗೆ ಗೊತ್ತು.

ಮಾವನಿಗೆ ಹೇಳಲು ಬಾಯಿ ಬರಲಿಲ್ಲ. ನಿನ್ನೆ ಅವರು ಹಿಂದಿನ ಸೀಟಿಗೆ ಮಗುವಿನ ಕುರ್ಚಿ ಕಟ್ಟುತ್ತಾ "ಬರೋ ವಾರ ಹೊರಟುಬಿಡೋಣ" ಎಂದಾಗ ಹೇಳಲೇಬೇಕಾಯಿತು. ಕೈಯಲ್ಲಿದ್ದ ಬೆಲ್ಟನ್ನು ಹಾಗೇ ಹಿಡಿದು ನಿಂತರು.

"ನಾವು ಬಂದ್ರೆ ಅಳ್ತಾಳಾ?"

"ಬಂದು ಹೋದ್ರೆ" ಎಂದೆ.

"ಹಾಗಾದ್ರೆ ಬೇಡ" ಎಂದರು. ಬೆಲ್ಟನ್ನು ಕಟ್ಟಿ ಮುಗಿಸಿ, ಕುರ್ಚಿಯ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡರು. ನಾನು ಕರೆಯಲಿಲ್ಲ. ಕತ್ತಲಾಗುವಾಗ ಅವರೇ ಒಳಗೆ ಬಂದರು.

ನಿನ್ನ ಮೇಲೆ ನಮಗೆ ಬೇಸರವಿಲ್ಲ, ಇದನ್ನು ನಂಬು. ಒಂದೇ ಒಂದು ಮಾತು ನಡೆಸಿಕೊಡು. ಅಜ್ಜ ಅಜ್ಜಿ ಯಾಕೆ ಬರುತ್ತಿಲ್ಲ ಎಂದು ಅವಳು ಕೇಳಿದರೆ, ಕಾರು ಕೆಟ್ಟಿದೆ, ರಿಪೇರಿಯಾಗುತ್ತಿದೆ ಎಂದು ಹೇಳು. ಹೊಸದು ಬಂದಿದೆ ಎಂದು ಅವಳಿಗೆ ಗೊತ್ತಾಗುವುದು ಬೇಡ.